ಕೋಳಿಮರಿಗಳಿಗೆ ಕಾವು ಕೊಡುವಾಗ ಬೆಂಕಿಯ ವಿಷಯದಲ್ಲಿ ವಹಿಸತಕ್ಕ ಎಚ್ಚರಿಕೆ

ಮೊಟ್ಟೆಯೊಡೆದು ಹೊರಬಂದ ಕೋಳಿಮರಿಯ ಮೈಮೇಲೆ ನವುರಾದ ತುಪ್ಪುಳಿರುವುದೇ ಹೊರತು ಗರಿಗಳಿರುವುದಿಲ್ಲ. ಹೊಟ್ಟೆಯೊಳಗೆ ಉಳಿದ ಹಳದಿಭಾಗವು ಎರಡು ದಿನಗಳವರೆಗೆ ಅದಕ್ಕೆ ಆಹಾರವಾಗಿ ಒದಗುವುದು. ಚಳಿಯನ್ನು ತಡೆಯುವ ಶಕ್ತಿಯಾದರೋ ಗರಿಗಳು ಮೂಡುವತನಕ, ಎಂದರೆ ಸುಮಾರು ನಾಲ್ಕು ವಾರಗಳವರೆಗೆ, ಪೂರ್ಣವಾಗಿ ಬರಲಾರದು. ತಾಯಿಕೋಳಿಯ ಮೈಶಾಖವು ಸುಮಾರು 106 ಡಿಗ್ರಿ ಫ್ಯಾರನ್‌ಹೀಟ್ ಇರುವುದರಿಂದ, ಅದು ಹತ್ತು ಹನ್ನೆರಡು ಮರಿಗಳನ್ನು ರೆಕ್ಕೆಯಡಿಯಲ್ಲಿಟ್ಟುಕೊಂಡು ಯಾವ ಅಪಾಯವೂ ಇಲ್ಲದೆ ಸಲಹಬಲ್ಲುದು. ಆದರೆ ಹೆಬ್ಬಾಳದ ಪಶುವೈದ್ಯಕೀಯ ಮಹಾವಿದ್ಯಾಲಯದಲ್ಲಿ ರೂಪುಗೊಂಡ ಗಿರಿರಾಜ, ಸ್ವರ್ಣಧಾರ ಮುಂತಾದ ತಳಿಗಳ ಒಂದು ದಿನದ ಮರಿಗಳನ್ನು ಐವತ್ತು ನೂರರ ಲೆಕ್ಕದಲ್ಲಿ ತಂದು ಸಾಕುವವರು ಕೃತಕವಾದ ಕಾವನ್ನು ಒದಗಿಸಲೇಬೇಕು. ಒಣಹೊಟ್ಟು, ಗೋಣಿ, ಬಿದಿರುತಟ್ಟಿಗಳ ನಡುವೆ ಇರುಳೆಲ್ಲಾ ಬಿಸಿಯಾದ ದೀಪವನ್ನಿರಿಸಿ ಮನೆಯವರು ನಿದ್ರೆಹೋಗುವರು. ಗೂಡು ಮನೆಯ ಸೂರಿಗೆ ತಗುಲಿಕೊಂಡಿದ್ದ ಪಕ್ಷದಲ್ಲಿ ಅಪಾಯವು ಮರಿಗಳಿಗೆ ಮಾತ್ರವಲ್ಲ.

ಬೇಕಾಗುವ ಶಾಖವೆಷ್ಟೆಂಬುದನ್ನು ಮೊದಲು ತಿಳಿಯತಕ್ಕದ್ದು. ಮೊದಲನೆಯ ವಾರದಲ್ಲಿ ಮರಿಯ ಬೆನ್ನಿನ ಮಟ್ಟದಲ್ಲಿ, ಹೊಟ್ಟಿನಿಂದ ಎರಡು ಅಂಗುಲದ ಮೇಲೆ, 95 ಡಿಗ್ರಿ ಇದ್ದರೆ ಸಾಕು. ಮುಂದೆ ವಾರಕ್ಕೆ 5 ಡಿಗ್ರಿಯಂತೆ ಕಡಿಮೆಮಾಡುತ್ತ ಬರಬೇಕು. ಇದೂ ದೀಪದಡಿಯಲ್ಲಿ ಮಾತ್ರ. ಮರಿಯು ಬೇಸತ್ತಾಗ ಸರಿದುಹೋಗಲು ತಂಪಾದ ಜಾಗವೂ ಇರತಕ್ಕದ್ದು. ಉಷ್ಣಮಾಪಕವಿಲ್ಲದವರಿಗೆ ಮರಿಗಳೇ ಉಷ್ಣಮಾಪಕ. ದೀಪದಡಿಯಲ್ಲಿ ಒಂದರ ಮೇಲೊಂದು ಬಿದ್ದು ಚೀರುತ್ತಿದ್ದರೆ ಕಾವು ಸಾಲದು. ದೂರ ಸರಿದು, ಕೊಕ್ಕು ತೆರೆದು ರೆಕ್ಕೆ ಇಳಿಬಿಟ್ಟಿದ್ದರೆ ಹೆಚ್ಚಾಯಿತು. ಎಲ್ಲವೂ ಒಂದೇ ಮಗ್ಗುಲಿಗೆ ಸೇರಿದ್ದರೆ ಎಲ್ಲಿಂದಲೋ ಗಾಳಿ ಬೀಸುತ್ತಿದೆ. ಮರಿಯೊಂದಕ್ಕೆ 2 ವ್ಯಾಟಿನಂತೆ ಐವತ್ತಕ್ಕೆ 100 ವ್ಯಾಟಿನ ಹಳೆಯ ತರಹದ ಬಲ್ಬು ಸಾಕಾಗುವಲ್ಲಿ 250 ವ್ಯಾಟಿನ ದೀಪವನ್ನು ತೂಗುಹಾಕುವುದು ದುಂದುಗಾರಿಕೆಯೂ ಹೌದು, ಅಪಾಯವೂ ಹೌದು. ಈಗ ಎಲ್ಲೆಡೆ ಸಿಕ್ಕುವ ಎಲ್‌ಇಡಿ ಬಲ್ಬಿನಿಂದ ಬೆಳಕು ಬರುವುದೇ ಹೊರತು ಮರಿಗೆ ಸಾಲುವಷ್ಟು ಕಾವು ಬಾರದು. ರಾಯಚೂರು, ಕಲಬುರಗಿಯ ಸೀಮೆಗಳಲ್ಲಿ ವೈಶಾಖದ ಹಗಲಿಗೆ ದೀಪವೇ ಬೇಡ; ಮಲೆನಾಡಿನ ಮಳೆಗಾಲದಲ್ಲಿಯೂ ಬೆಂಗಳೂರು ಕಡೆಯ ಮಾಗಿಯ ರಾತ್ರಿಗಳಲ್ಲಿಯೂ ಅದು ಅವಶ್ಯಕ.

ಬೆಂಕಿ ಹತ್ತುವುದು ಬಹುಮಟ್ಟಿಗೆ ದೀಪವು ಕೆಳಗೆ ಬೀಳುವುದರಿಂದ. ಬತ್ತದ ಹೊಟ್ಟಿನ ಬೆಂಕಿಯ ಸ್ವಭಾವವನ್ನು ನಮ್ಮ ರೈತರಿಗೆ ಹೇಳಿಕೊಡಬೇಕಾದುದಿಲ್ಲ. ಅಕ್ಕಸಾಲಿಗನ ಅಗ್ಗಿಷ್ಟಿಕೆಯಲ್ಲಿ ಅದು ಜ್ವಾಲೆಯಿಲ್ಲದೆ ಬಹುಹೊತ್ತು ಒಳಗೊಳಗೇ ಬೇಯುತ್ತಿರುವುದನ್ನು ಎಲ್ಲರೂ ಕಂಡಿರುವರು. ಬಿಸಿಬಲ್ಬು ಹೊಟ್ಟಿಗೆ ತಾಗಿದರೂ ಹಾಗೆಯೇ: ಮೊದಲು ಹೊಗೆ, ಬಳಿಕ ಗಾಳಿ ಸಿಕ್ಕಿದಾಗ ಉರಿ. ಆದಕಾರಣ ದೀಪವನ್ನು ಅದರ ತಂತಿಯಿಂದಲೇ ಜೋತುಬಿಡುವ ಪದ್ಧತಿಯನ್ನು ಬಿಟ್ಟು, ಛಾವಣಿಯ ತೊಲೆಗೆ ಕಬ್ಬಿಣದ ಸರಪಣಿಯಿಂದ ಕಟ್ಟಬೇಕು. ಅದು ಕಳಚಿದರೂ ತಡೆಯುವಂತೆ ಎರಡನೆಯ ಸರಪಣಿಯೊಂದಿರಬೇಕು. ಹುರಿಹಗ್ಗವು ಇಲಿಯ ಬಾಯಿಗೆ ತುತ್ತಾಗುವುದರಿಂದ ಉಪಯೋಗವಿಲ್ಲ. ಬಲ್ಬಿನ ಹಿಡಿಯು ಪಿಂಗಾಣಿಯದಾಗಿರತಕ್ಕದ್ದು. ಪ್ಲಾಸ್ಟಿಕಿನದು ಶಾಖಕ್ಕೆ ಮೆತ್ತಗಾಗಿ ಬಲ್ಬನ್ನು ಕೆಡಹುವುದು. ಸುತ್ತಲೂ ತಂತಿಬಲೆಯ ಕವಚವಿರಲಿ. 250 ವ್ಯಾಟಿನ ಕೆಂಪುಶಾಖದ ದೀಪವನ್ನು ಹೊಟ್ಟಿನಿಂದ 18 ಅಂಗುಲಕ್ಕಿಂತ ಕೆಳಕ್ಕೆ ಎಂದಿಗೂ ಇಳಿಸಕೂಡದು. ಬೆಳಕು ಹೆಚ್ಚಾಯಿತೆಂದು ಬಲ್ಬಿಗೆ ಬಟ್ಟೆಯನ್ನೋ ಕಾಗದವನ್ನೋ ಸುತ್ತುವುದು ಕೇವಲ ಅವಿವೇಕ. ನೀರಿನ ಪಾತ್ರೆಯನ್ನು ದೀಪದಡಿಯಲ್ಲಿಡಬಾರದು. ಹನಿ ಚಿಮ್ಮಿದರೆ ಕಾದ ಗಾಜು ಸಿಡಿಯುವುದು. ಗಾಜಿಗೂ ಹಿಡಿಗೂ ಅಂಟಿದ ಧೂಳು ತುಪ್ಪುಳುಗಳನ್ನು ಪ್ರತಿದಿನವೂ, ದೀಪವನ್ನಾರಿಸಿ ತಣಿದ ಮೇಲೆ, ಒರಸತಕ್ಕದ್ದು.

ವಿದ್ಯುತ್ತು ನಿಂತ ರಾತ್ರಿಗಳಲ್ಲಿ ಇದ್ದಿಲಿನ ಒಲೆಯನ್ನು ಒಳಗಿರಿಸಿ ಕಿಟಕಿಗಳನ್ನು ಮುಚ್ಚುವವರುಂಟು. ಇದು ಬೆಂಕಿಗಿಂತಲೂ ಕ್ರೂರವಾದ ಅಪಾಯ. ಇದ್ದಿಲಿನಿಂದ ಹೊರಡುವ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷವಾಯುವಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಮರಿಗಳೂ ಅಲ್ಲಿ ಮಲಗಿದ ಮನುಷ್ಯರೂ ನಿದ್ರೆಯಲ್ಲಿಯೇ ಸಾಯಬಹುದು.

ಅಂಥ ರಾತ್ರಿಗೆ, ಮರಿಗಳು ಕೆಲವೇ ಇದ್ದಲ್ಲಿ, ಬೆಂಕಿಯಿಲ್ಲದ ಉಪಾಯವೊಂದಿದೆ. ದೊಡ್ಡದೊಂದು ಮರದ ಪೆಟ್ಟಿಗೆಯೊಳಗೆ ಬಿದಿರಿನ ಬುಟ್ಟಿಯನ್ನಿಟ್ಟು, ನಡುವಣ ಸಂದನ್ನು ಒಣಹುಲ್ಲಿನಿಂದ ಬಿಗಿಯಾಗಿ ತುಂಬುವುದು. ಬಿಸಿನೀರು ತುಂಬಿ ಮುಚ್ಚಿದ ಮಣ್ಣಿನ ಜಾಡಿಯನ್ನು ಗೋಣಿಯಲ್ಲಿ ಸುತ್ತಿ, ಉರುಳದಂತೆ ಬುಟ್ಟಿಯ ಮಧ್ಯದಲ್ಲಿರಿಸಿ, ಮರಿಗಳನ್ನು ಸುತ್ತಲೂ ಬಿಡುವುದು. ಮೇಲೆ ಕಂಬಳಿಯನ್ನು ಹೊದಿಸುವಾಗ ಗಾಳಿಯಾಡಲು ಒಂದು ಮಗ್ಗುಲನ್ನು ತೆರೆದಿಡಬೇಕು. ಮರಿಗಳ ಮೈಕಾವೂ ಇಲ್ಲಿ ವ್ಯರ್ಥವಾಗದೆ ಉಳಿಯುವುದು. ಜಾಡಿಯು ತಣಿದಂತೆಲ್ಲಾ ನೀರು ಬದಲಾಯಿಸಲು ರಾತ್ರಿ ಎರಡು ಮೂರು ಸಲ ಏಳಬೇಕಾಗುವುದು. ಕೂಸಿರುವ ಮನೆಯ ಹೆಂಗಸರಿಗೆ ಇದೇನೂ ಹೊಸದಲ್ಲ.

ನಾಲ್ಕನೆಯ ವಾರದ ಹೊತ್ತಿಗೆ ಬೆನ್ನು ರೆಕ್ಕೆಗಳಲ್ಲಿ ಗರಿ ತುಂಬಿದ ಮೇಲೆ, ಮೊದಲು ಹಗಲಿನ ಕಾವನ್ನು ನಿಲ್ಲಿಸಿ, ಮರಿಗಳು ಒಗ್ಗಿದುದನ್ನು ಕಂಡು, ಬಳಿಕ ರಾತ್ರಿಯದನ್ನೂ ನಿಲ್ಲಿಸಬಹುದು. ಬಿಚ್ಚಿದ ದೀಪವನ್ನೂ ತಂತಿಯನ್ನೂ ಹೊಟ್ಟಿನ ರಾಶಿಯ ಮೇಲೆಸೆಯದೆ ಇಲಿ ಮುಟ್ಟದ ಡಬ್ಬಿಯಲ್ಲಿ ಹಾಕಿಡತಕ್ಕದ್ದು.