ಅಡಿಕೆ ಬಡ್ಡಿಗೆ ತೆರಿಗೆ, ಪಕ್ಷದ ಬಡ್ಡಿಗೆ ವಿನಾಯಿತಿ

ಸಿದ್ದಾಪುರದ ಕಡೆಯ ತೋಟಿಗರೊಬ್ಬರು ನನ್ನ ಮೇಜಿನ ಮೇಲೆ ಒಂದು ಕಾಗದ ಹರವಿದರು. ಆದಾಯ ತೆರಿಗೆ ಜಾಲತಾಣದಿಂದ ಮಗ ತೆಗೆದುಕೊಟ್ಟ ಎಐಎಸ್, ಅಂದರೆ ವಾರ್ಷಿಕ ಮಾಹಿತಿ ಪಟ್ಟಿ. ಬ್ಯಾಂಕಿನ ಠೇವಿನ ಬಡ್ಡಿ ಅದರಲ್ಲಿತ್ತು, ಸರಿ. ಮರೆತೇ ಹೋಗಿದ್ದ ಉಳಿತಾಯ ಖಾತೆಯೊಂದರ 217 ರೂಪಾಯಿ ಬಡ್ಡಿಯೂ ಇತ್ತು. ಆ 217ರ ಮೇಲೆ ಬೆರಳಿಟ್ಟು ಕೇಳಿದರು: "ಪಾರ್ಟಿಯವ್ಕೆ ಟ್ಯಾಕ್ಸ್ ಇಲ್ಲೆ ಅಡ, ಯಂಗಕ್ಕೆ ಮಾತ್ರ ಎಂತಕ್ಕೆ?"

ಪಕ್ಷಗಳಿಗೆ ತೆರಿಗೆಯೇ ಇಲ್ಲ ಎನ್ನುವುದು ಪೂರ್ತಿ ನಿಜವಲ್ಲ. ಹಾಗಂತ ಅವರ ಸಿಟ್ಟಿಗೆ ಕಾರಣವಿಲ್ಲ ಎಂದೂ ಹೇಳಲಾರೆ.

ಮೊದಲು ನಮ್ಮ ಲೆಕ್ಕ. ರಾಶಿಯೋ ಚಾಲಿಯೋ, ಬೆಳೆದ ಅಡಿಕೆ ಮಾರಿ ಬಂದ ದುಡ್ಡು ಕೃಷಿ ಆದಾಯ. 1961ರ ಕಾಯ್ದೆಯ ಕಲಂ 10(1)ರಂತೆ ಅದಕ್ಕೆ ತೆರಿಗೆ ಇಲ್ಲ. ಅದೇ ದುಡ್ಡು ಠೇವಾಗಿ ಕೂತು ಬಡ್ಡಿ ಹೆತ್ತರೆ ಆ ಬಡ್ಡಿ ಕೃಷಿ ಆದಾಯವಲ್ಲ, ಕಲಂ 56ರ 'ಇತರ ಮೂಲಗಳ ಆದಾಯ'. ಸೊಸೈಟಿಯವರು ಟಿಡಿಎಸ್ ಕಡಿಯಲಿಲ್ಲ, ಆದ್ದರಿಂದ ತೆರಿಗೆ ಇಲ್ಲ ಎಂಬ ನಂಬಿಕೆ ಶಿರಸಿ, ಸಿದ್ದಾಪುರ, ಯಲ್ಲಾಪುರದಲ್ಲಿ ಬೇರುಬಿಟ್ಟಿದೆ. ಕಡಿಯದಿದ್ದರೂ ಅದು ಆದಾಯವೇ. ಕೃಷಿಯೇತರ ಆದಾಯ ಮೂಲ ಮಿತಿ ದಾಟಿದರಂತೂ, ದರ ಲೆಕ್ಕ ಹಾಕುವಾಗ ಅಡಿಕೆಯ ಆದಾಯವನ್ನೂ ಪಕ್ಕಕ್ಕೆ ಸೇರಿಸುತ್ತಾರೆ.

ಬಡ್ಡಿಯ ಈ ಜಗಳ ಶಿರಸಿಯಿಂದಲೇ ದೆಹಲಿಗೆ ಹೋಗಿತ್ತು. 1923ರಲ್ಲಿ ಹುಟ್ಟಿದ ನಮ್ಮ ಟಿಎಸ್‌ಎಸ್, ಅಂದರೆ ತೋಟಗಾರ್ಸ್ ಕೋ-ಆಪರೇಟಿವ್ ಸೇಲ್ ಸೊಸೈಟಿ, ಸದಸ್ಯರ ಅಡಿಕೆ ಮಾರಿದ ಹಣ ತನ್ನ ಬಳಿ ಉಳಿದಾಗ ಅದನ್ನು ಅಲ್ಪಾವಧಿ ಠೇವು, ಭದ್ರತಾ ಪತ್ರಗಳಲ್ಲಿ ಇಟ್ಟಿತ್ತು. ಸಹಕಾರ ಸಂಘಗಳಿಗಿರುವ ಕಲಂ 80ಪಿಯ ಕಡಿತ ಆ ಬಡ್ಡಿಗೂ ಸಿಗಬೇಕೆಂಬುದು ಸಂಘದ ವಾದ. 2010ರ ಫೆಬ್ರವರಿ 8ರಂದು ಸುಪ್ರೀಂ ಕೋರ್ಟ್ ಒಪ್ಪಲಿಲ್ಲ: ಇದು ಸಂಘದ ವ್ಯವಹಾರದ ಆದಾಯವಲ್ಲ, ಕಲಂ 56ರ ಆದಾಯ. ಸಹಕಾರಿ ಬ್ಯಾಂಕಿನಲ್ಲಿಟ್ಟ ಹಣದ ಬಡ್ಡಿಯ ಬಗ್ಗೆ 2017ರಲ್ಲಿ ಕರ್ನಾಟಕ ಹೈಕೋರ್ಟಿನ ಎರಡು ಪೀಠಗಳು ಇದೇ ಸಂಘದ ಪ್ರಕರಣಗಳಲ್ಲಿ, ಆರು ತಿಂಗಳೊಳಗೆ, ಒಂದಕ್ಕೊಂದು ವಿರುದ್ಧವಾದ ತೀರ್ಪು ಕೊಟ್ಟವು. ದೇಶದ ಯಾವ ಮೂಲೆಯಲ್ಲಿ 80ಪಿ ವ್ಯಾಜ್ಯ ನಡೆದರೂ 'ತೋಟಗಾರ್ಸ್' ಎಂಬ ನಮ್ಮೂರ ಹೆಸರು ಕೇಳಿಬರುವುದು ಹೀಗೆ. ಹೆಮ್ಮೆಪಡಬೇಕೋ ಬೇಡವೋ ತಿಳಿಯದು.

ಈಗ ಪಕ್ಷಗಳ ಕಡೆ ಬನ್ನಿ. ಅವಕ್ಕಿರುವುದು ಕಲಂ 13ಎ. ಮನೆ ಬಾಡಿಗೆ, ಬಂಡವಾಳ ಲಾಭ, ದೇಣಿಗೆ, ಜೊತೆಗೆ 'ಇತರ ಮೂಲಗಳ ಆದಾಯ' ಎಲ್ಲಕ್ಕೂ ಅಲ್ಲಿ ವಿನಾಯಿತಿ. ರೈತರ ಸಂಘ ಸೋತದ್ದು ಯಾವ ತಲೆಬರಹದ ಕೆಳಗೋ ಅದೇ ತಲೆಬರಹ ಪಕ್ಷಕ್ಕೆ ನೆರಳಾಗಿದೆ. ಆದರೆ ಷರತ್ತುಗಳಿವೆ. ಲೆಕ್ಕಪುಸ್ತಕ ಇಡಬೇಕು, ಆಡಿಟ್ ಮಾಡಿಸಬೇಕು. 20,000 ರೂಪಾಯಿ ಮೀರಿದ ದೇಣಿಗೆ ಕೊಟ್ಟವರ ಹೆಸರು, ವಿಳಾಸ ಬರೆದಿಟ್ಟು ಚುನಾವಣಾ ಆಯೋಗಕ್ಕೆ ವರದಿ ಕೊಡಬೇಕು. 2,000 ಮೀರಿದ್ದನ್ನು ನಗದಾಗಿ ತೆಗೆದುಕೊಳ್ಳುವಂತಿಲ್ಲ. ಗಡುವಿನೊಳಗೆ ರಿಟರ್ನ್ ಹಾಕಬೇಕು.

ಗಡುವು ತಪ್ಪಿದರೆ? 2018-19ರ ಕರನಿರ್ಧಾರ ವರ್ಷದ ರಿಟರ್ನನ್ನು ಕಾಂಗ್ರೆಸ್ ಪಕ್ಷ 2018ರ ಡಿಸೆಂಬರ್ 31ರೊಳಗೆ ಹಾಕಬೇಕಿತ್ತು. ಹಾಕಿದ್ದು 2019ರ ಫೆಬ್ರವರಿ 2ಕ್ಕೆ. ಮಿತಿ ಮೀರಿದ 14.49 ಲಕ್ಷ ರೂಪಾಯಿ ನಗದು ದೇಣಿಗೆಯೂ ಲೆಕ್ಕದಲ್ಲಿ ಕಂಡಿತು. 199.15 ಕೋಟಿಯ ವಿನಾಯಿತಿ ಹೋಯಿತು. 2025ರ ಜುಲೈನಲ್ಲಿ ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿಯೂ ಇಲಾಖೆಯ ಆದೇಶವನ್ನೇ ಎತ್ತಿಹಿಡಿಯಿತು. ಚುನಾವಣೆಯ ಹೊಸ್ತಿಲಲ್ಲಿ, 2024ರ ಫೆಬ್ರವರಿಯಲ್ಲಿ, ಖಾತೆಗಳ ಮೇಲೆ ಕ್ರಮ ಕೈಗೊಂಡದ್ದು ಸರಿಯೇ ಎಂಬ ರಾಜಕೀಯ ಪ್ರಶ್ನೆ ಬೇರೆ. ಕಾನೂನು ಮಾತ್ರ ದಿನಾಂಕ ನೋಡಿತು.

ಕಾಕತಾಳೀಯವೆಂದರೆ, ಅದೇ 2018-19ರಿಂದ ಸಹಕಾರ ಸಂಘಗಳಿಗೂ ಕಲಂ 80ಎಸಿಯ ಮೂಲಕ ಇದೇ ನಿಯಮ ಬಂತು: ರಿಟರ್ನ್ ತಡವಾದರೆ 80ಪಿ ಕಡಿತ ಇಲ್ಲ. ಸರ್ಕಾರಿ ಆಡಿಟ್ ಮುಗಿಯದೆ ತಡವಾದ ಸಂಘಗಳಿಗೆ 2023ರ ಜುಲೈನಲ್ಲಿ ನೇರ ತೆರಿಗೆ ಮಂಡಳಿ, 13ನೇ ಸುತ್ತೋಲೆಯ ಮೂಲಕ, ತಡವನ್ನು ಮನ್ನಿಸುವ ದಾರಿ ತೆರೆಯಿತು.

ಹಾಗಾದರೆ ಅನ್ಯಾಯ ಎಲ್ಲಿದೆ? ನನಗನ್ನಿಸುವುದು, ವಿನಾಯಿತಿಯಲ್ಲಿ ಅಷ್ಟಾಗಿ ಇಲ್ಲ, ಮರೆಯಲ್ಲಿದೆ. ತೋಟಿಗರ 217 ರೂಪಾಯಿ ಪ್ಯಾನ್ ಸಮೇತ ಇಲಾಖೆಗೆ ಕಾಣುತ್ತದೆ. ಪಕ್ಷಕ್ಕೆ 19,000 ಕೊಟ್ಟವರ ಹೆಸರು ಆಯೋಗದ ವರದಿಯಲ್ಲಿ ಇರಬೇಕಿಲ್ಲ. ದೊಡ್ಡ ದೇಣಿಗೆಗೂ ಚುನಾವಣಾ ಬಾಂಡ್ ಎಂಬ ಮುಸುಕಿತ್ತು. 2024ರ ಫೆಬ್ರವರಿ 15ರಂದು ಸುಪ್ರೀಂ ಕೋರ್ಟ್ ಅದನ್ನು ಕಿತ್ತಾಗ, ಅತಿ ಹೆಚ್ಚು ಹಣ ಹೋದದ್ದು ಬಿಜೆಪಿಗೆ ಎಂಬುದೂ ಯಾರು ಎಷ್ಟು ಕೊಟ್ಟರೆಂಬುದೂ ಹೊರಬಂತು. ಇನ್ನು ಮಾಹಿತಿ ಹಕ್ಕು: ಆರು ರಾಷ್ಟ್ರೀಯ ಪಕ್ಷಗಳು ಸಾರ್ವಜನಿಕ ಪ್ರಾಧಿಕಾರಗಳೆಂದು ಕೇಂದ್ರ ಮಾಹಿತಿ ಆಯೋಗ 2013ರ ಜೂನ್ 3ರಂದೇ ಹೇಳಿತು. ಎಡ, ಬಲ, ನಡು ಯಾವುದೂ ಪಾಲಿಸಲಿಲ್ಲ. ಆ ಒಂದು ವಿಷಯದಲ್ಲಿ ಮಾತ್ರ ಅವಕ್ಕೆಲ್ಲ ಒಮ್ಮತ!

ಕರನಿರಾಕರಣೆಯ ಊರು ನಮ್ಮದು. 1930ರ ದಶಕದಲ್ಲಿ ಸಿದ್ದಾಪುರದ ರೈತರು ಭೂಕಂದಾಯ ನಿಲ್ಲಿಸಿದ್ದರು. ಜಪ್ತಿ ಆಸ್ತಿ ಕೊಂಡವರ ವಿರುದ್ಧ ಮಾವಿನಗುಂಡಿಯಲ್ಲಿ ಹೆಂಗಸರು ಸತ್ಯಾಗ್ರಹ ಕೂತಿದ್ದರು. ಅದನ್ನು ನೆನಪಿಸಿ 'ನಾವೂ ಕಟ್ಟುವುದಿಲ್ಲ' ಎನ್ನುವವರಿದ್ದಾರೆ. ಈಗ ಹಾಗೆ ಮಾಡಿದರೆ ಬರುವುದು ಬಡ್ಡಿ, ದಂಡ ಅಷ್ಟೆ. ಪಕ್ಷಕ್ಕೆ ವಿನಾಯಿತಿ ಇದೆ ಎಂಬುದು ಯಾವ ಮೇಲ್ಮನವಿಯಲ್ಲೂ ನಡೆಯುವ ವಾದವಲ್ಲ.

ನಡೆಯುವುದು ಬೇರೆ. ಲೆಕ್ಕ ನೋಡುವ ಹಕ್ಕು ನಿಮಗಿದೆ: ಪಕ್ಷಗಳ ದೇಣಿಗೆ ವರದಿ, ಆಡಿಟ್ ಆದ ಲೆಕ್ಕ ಚುನಾವಣಾ ಆಯೋಗದ ಜಾಲತಾಣದಲ್ಲಿವೆ. ಶಿರಸಿ ಅಥವಾ ಯಲ್ಲಾಪುರ ಕ್ಷೇತ್ರದಲ್ಲಿ ನಾಮಪತ್ರ ಹಾಕಿದವರ ನಮೂನೆ 26ರ ಪ್ರಮಾಣಪತ್ರ ತೆರೆದರೆ, ಐದು ವರ್ಷ ಅವರು ರಿಟರ್ನಿನಲ್ಲಿ ತೋರಿಸಿದ ಆದಾಯ, ಆಸ್ತಿ, ಸಾಲ, ಸರ್ಕಾರಿ ಬಾಕಿ ಎಲ್ಲ ಸಿಗುತ್ತದೆ. ಮತ ಕೇಳಲು ಜಗಲಿಗೆ ಬಂದಾಗ ಆ ಕಾಗದ ಕೈಯಲ್ಲಿದ್ದರೆ ಮಾತಿನ ಧಾಟಿಯೇ ಬೇರೆ.

ಒಂದು ಎಚ್ಚರಿಕೆ. ಹಳೆಯ ತೆರಿಗೆ ಪದ್ಧತಿಯಲ್ಲಿರುವ ನೌಕರರಿಗೆ ಪಕ್ಷದ ದೇಣಿಗೆಗೆ ಕಲಂ 80ಜಿಜಿಸಿ ಪೂರ್ತಿ ಕಡಿತ ಕೊಡುತ್ತದೆ, ನಗದಿಗೆ ಇಲ್ಲ. ಇದನ್ನೇ ಹಿಡಿದು, ಹೆಸರೇ ಕೇಳದ ಪಕ್ಷಕ್ಕೆ ಚೆಕ್ ಕೊಡಿಸಿ, ಕಮಿಷನ್ ಮುರಿದುಕೊಂಡು ಉಳಿದದ್ದನ್ನು ನಗದಾಗಿ ಹಿಂತಿರುಗಿಸುವ ದಂಧೆ ನಡೆದಿದೆ. 2025ರ ಜುಲೈನಲ್ಲಿ ಇಲಾಖೆ ಇಂಥ ಸುಳ್ಳು ಕಡಿತಗಳ ಬೆನ್ನು ಹತ್ತಿತು. ಅದೇ ವರ್ಷ ಆಯೋಗ ಆಗಸ್ಟ್‌ನಲ್ಲಿ 334, ಸೆಪ್ಟೆಂಬರ್‌ನಲ್ಲಿ 474 ಮಾನ್ಯತೆಯಿಲ್ಲದ ಪಕ್ಷಗಳನ್ನು ಪಟ್ಟಿಯಿಂದ ಕಿತ್ತುಹಾಕಿತು. ಸಿಕ್ಕಿಬೀಳುವುದು ಮಧ್ಯದವನೊಬ್ಬನೇ ಅಲ್ಲ, ರಿಟರ್ನ್‌ಗೆ ಸಹಿ ಹಾಕಿದವರೂ. ತಪ್ಪು ಕಡಿತ ತೆಗೆದುಕೊಂಡಿದ್ದರೆ ನೋಟಿಸ್ ಬರುವ ಮೊದಲೇ ಐಟಿಆರ್-ಯು, ಅಂದರೆ ನವೀಕೃತ (ಅಪ್‌ಡೇಟೆಡ್) ರಿಟರ್ನ್, ಹಾಕಿ ಹೆಚ್ಚುವರಿ ತೆರಿಗೆ ಕಟ್ಟಿಬಿಡಿ. ತಪ್ಪಿಲ್ಲದೆಯೂ ಡಿಮ್ಯಾಂಡ್ ಬಂದರೆ 30 ದಿನದೊಳಗೆ ಮೇಲ್ಮನವಿ ಹಾಕಬಹುದು. ಸಾಮಾನ್ಯವಾಗಿ 20 ಪ್ರತಿಶತ ಕಟ್ಟಿದರೆ ಉಳಿದ ವಸೂಲಿಗೆ ತಡೆ ಕೊಡುತ್ತಾರೆ.

ಇಲ್ಲಿನ ಕಲಂಗಳೆಲ್ಲ 1961ರ ಕಾಯ್ದೆಯವು. 2026ರ ಏಪ್ರಿಲ್ 1ರಿಂದ ಜಾರಿಯ 2025ರ ಕಾಯ್ದೆಯಲ್ಲಿ ಸಂಖ್ಯೆಗಳು ಬದಲಾಗಿವೆ. ಹಿಂದಿನ ವರ್ಷಗಳ ತಕರಾರಿಗೆ ಹಳೆಯದೇ ಅನ್ವಯ.

ತೋಟಿಗರ ಒಟ್ಟು ಬಡ್ಡಿ ತೆರಿಗೆಯ ಮಿತಿಯೊಳಗೇ ಇತ್ತು. ಬ್ಯಾಂಕು ಕಡಿದ ಟಿಡಿಎಸ್ ಇಲಾಖೆಯಲ್ಲೇ ಕೂತಿತ್ತು, ಕೇಳುವವರಿಲ್ಲದೆ. 217ನ್ನೂ ಸೇರಿಸಿ ರಿಟರ್ನ್ ತುಂಬಿದೆವು. 30 ದಿನದೊಳಗೆ ದೃಢೀಕರಿಸದಿದ್ದರೆ ಹಾಕಿದ್ದೇ ತಡವಾದಂತೆ ಎಂದೆ. ಅವರು ಅಲ್ಲೇ ಕೂತು ಮೊಬೈಲಿಗೆ ಬಂದ ಒಟಿಪಿಯನ್ನು ಒಂದೊಂದೇ ಅಂಕಿ ಓದಿ ಹೇಳಿದರು.