ಪುಸ್ತಕ ತನ್ನಿ, ಊಟದ ಪಟ್ಟಿ ಬೇಡ

ಪ್ರಶ್ನೆ: ಡಾಕ್ಟರೇ, ನನಗೆ 46 ವರ್ಷ, ಹೈಸ್ಕೂಲು ಶಿಕ್ಷಕಿ. ಮದುವೆಯಾದಾಗಿನಿಂದ ಸುಮಾರು ಇಪ್ಪತ್ತು ವರ್ಷ ಒಂದು ಗುಟ್ಟನ್ನು ಮುಚ್ಚಿಟ್ಟುಕೊಂಡು ಬದುಕಿದೆ. ಮನೆಯವರೆಲ್ಲ ಮಲಗಿದ ಮೇಲೆ ಅಡುಗೆಮನೆಯಲ್ಲಿ ದೀಪ ಹಾಕದೆ, ನೆಲದ ಮೇಲೆ ಕೂತು ತಿನ್ನುತ್ತಿದ್ದೆ. ಚಕ್ಕುಲಿ, ಉಳಿದ ಅನ್ನ, ಮಕ್ಕಳಿಗೆಂದು ತಂದ ಬ್ರೆಡ್ಡು, ಬೆಲ್ಲ, ಕೈಗೆ ಸಿಕ್ಕಿದ್ದು. ಸ್ಟೀಲ್ ಡಬ್ಬದ ಮುಚ್ಚಳ ಸದ್ದು ಮಾಡದಂತೆ ಸೆರಗು ಒತ್ತಿ ತೆಗೆಯುವುದು ರೂಢಿಯಾಗಿಬಿಟ್ಟಿತ್ತು. ಬೆಳಿಗ್ಗೆ ಎದ್ದರೆ ನನ್ನ ಮೇಲೆ ನನಗೇ ಹೇಸಿಗೆ. ಸಂಜೆಯವರೆಗೆ ಉಪವಾಸ. ರಾತ್ರಿ ಮತ್ತೆ ಅದೇ. ಮೂರು ವರ್ಷದ ಹಿಂದೆ ಧೈರ್ಯ ಮಾಡಿ ಮನೋವೈದ್ಯರ ಬಳಿ ಹೋದೆ. ಒಂದೂವರೆ ವರ್ಷದಿಂದ ಹಾಗೆ ತಿಂದಿಲ್ಲ. ಇದನ್ನೆಲ್ಲ 140 ಪುಟ ಬರೆದಿದ್ದೇನೆ. ಇಬ್ಬರು ಪ್ರಕಾಶಕರು ಒಪ್ಪಲಿಲ್ಲ, ನಾನೇ ದುಡ್ಡು ಹಾಕಿ ಅಚ್ಚು ಮಾಡಿಸಬೇಕೆಂದಿದ್ದೇನೆ. ಕೊನೆಗೆ ನನ್ನ ಊಟದ ಪಟ್ಟಿ, ಇಳಿಸಿದ ತೂಕದ ಲೆಕ್ಕ, ಆಗಿನ ಮತ್ತು ಈಗಿನ ಫೋಟೊ ಸೇರಿಸಿದ್ದೇನೆ. ಓದಿ ಹೇಳಿ, ಪುಸ್ತಕ ತರಬಹುದೇ? ಬರೆದದ್ದರಿಂದ ಕಾಯಿಲೆ ಮರಳಿ ಬಂದೀತೇ?
– ಹೆಸರು ಬೇಡ, ದಾವಣಗೆರೆ

ಉತ್ತರ: ಮೇಡಂ, ನೀವು ಕಳಿಸಿದ್ದನ್ನು ಪೂರ್ತಿ ಓದಿದೆ. ಪುಸ್ತಕ ತನ್ನಿ. ಆದರೆ ಕೊನೆಯ 18 ಪುಟಗಳನ್ನು, ಅಂದರೆ ಊಟದ ಪಟ್ಟಿ, ತೂಕದ ಲೆಕ್ಕ, ಫೋಟೊ ಇವಿಷ್ಟನ್ನೂ ತೆಗೆದುಬಿಡಿ. ಕಾರಣ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ನಿಮಗಿದ್ದ ಕಾಯಿಲೆಗೆ ಬಿಂಜ್ ಈಟಿಂಗ್ ಡಿಸಾರ್ಡರ್ ಎನ್ನುತ್ತಾರೆ. ಅಮೆರಿಕದ ಮನೋವೈದ್ಯ ಆಲ್ಬರ್ಟ್ ಸ್ಟಂಕರ್ಡ್ 1959ರಲ್ಲೇ ಇಂಥ ತಿನ್ನುವಿಕೆಯನ್ನು ವಿವರಿಸಿದ್ದರು. ಆದರೂ ಅಮೆರಿಕದ ಮನೋವೈದ್ಯರ ಸಂಘದ ಕೈಪಿಡಿಯಲ್ಲಿ ಇದಕ್ಕೆ ಸ್ವತಂತ್ರ ಕಾಯಿಲೆಯ ಸ್ಥಾನ ಸಿಕ್ಕಿದ್ದು 2013ರಲ್ಲಿ. ಹಬ್ಬದ ದಿನ ನಾಲ್ಕು ಹೋಳಿಗೆ ಹೆಚ್ಚಿಗೆ ತಿಂದರೆ ಅದು ಕಾಯಿಲೆಯಲ್ಲ. ಸ್ವಲ್ಪ ಹೊತ್ತಿನಲ್ಲೇ ವಿಪರೀತ ತಿನ್ನುವುದು, ತಿನ್ನುವಾಗ 'ನಿಲ್ಲಿಸಲು ನನ್ನ ಕೈಯಲ್ಲಿ ಆಗುತ್ತಿಲ್ಲ' ಅನ್ನಿಸುವುದು, ಹಸಿವಿಲ್ಲದೆಯೂ ತಿನ್ನುವುದು, ನಾಚಿಕೆಯಿಂದ ಒಬ್ಬರೇ ಕೂತು ತಿನ್ನುವುದು, ಆಮೇಲೆ ತಮ್ಮ ಮೇಲೆ ತಮಗೇ ಅಸಹ್ಯ. ವಾರಕ್ಕೊಮ್ಮೆಯಾದರೂ ಹೀಗಾಗುತ್ತಾ ಮೂರು ತಿಂಗಳು ನಡೆದರೆ ನಾವು ಕಾಯಿಲೆಯೆಂದು ಗುರುತಿಸುತ್ತೇವೆ. ನೀವು ಇಪ್ಪತ್ತು ವರ್ಷ ಇದನ್ನು 'ತಿಂಡಿಪೋತತನ' ಎಂದುಕೊಂಡಿರಿ. ನಿಮ್ಮ ಅತ್ತೆಯವರೂ ಹಾಗೇ ಕರೆದರೆಂದು ಬರೆದಿದ್ದೀರಿ. ವೈದ್ಯರಾದ ನಾವೂ ಇಂಥವರಿಗೆ 'ಬಾಯಿ ಕಟ್ಟಿ' ಎಂದಷ್ಟೇ ಹೇಳಿ ಕಳಿಸಿದ್ದೇವೆ. ಅದು ತಪ್ಪು.

ಬಾಯಿ ಕಟ್ಟುವುದರಿಂದಲೇ ಈ ಕಾಯಿಲೆ ಬಲಿಯುತ್ತದೆ. ರಾತ್ರಿ ತಿಂದ ಪಶ್ಚಾತ್ತಾಪಕ್ಕೆ ಹಗಲಿಡೀ ಉಪವಾಸ. ಹಗಲಿಡೀ ಉಪವಾಸವಿದ್ದ ದೇಹ ರಾತ್ರಿ ಡಬ್ಬ ಹುಡುಕುತ್ತದೆ. ನಮ್ಮ ಮನೆಗಳಲ್ಲಿ ಈ ಸುತ್ತು ಕಣ್ಣಿಗೆ ಬೀಳುವುದೂ ಕಷ್ಟ. ಸಂಕಷ್ಟಿ, ಏಕಾದಶಿ, ಸೋಮವಾರ ಎಂದರೆ ಯಾಕೆ ಊಟ ಮಾಡಲಿಲ್ಲ ಎಂದು ಯಾರೂ ಕೇಳುವುದಿಲ್ಲ. ವ್ರತದ ತಪ್ಪು ಇದರಲ್ಲಿಲ್ಲ. ಆದರೆ ವ್ರತದ ಹೆಸರಿನಲ್ಲಿ ತಮ್ಮನ್ನು ಶಿಕ್ಷಿಸಿಕೊಳ್ಳುವ ಹೆಣ್ಣುಮಕ್ಕಳನ್ನು ನಾನು ಕಂಡಿದ್ದೇನೆ. ನಿಮ್ಮ ಎರಡನೇ ಅಧ್ಯಾಯ ಓದುವಾಗ ಅವರೆಲ್ಲ ನೆನಪಾದರು.

ಈಗ ನಿಮ್ಮ ಮೂರನೇ ಅಧ್ಯಾಯಕ್ಕೆ ಬರೋಣ. ಮನೋವೈದ್ಯರು ನಿಮ್ಮ ಕೈಗೆ ಒಂದು ನೋಟ್‌ಬುಕ್ ಕೊಟ್ಟರು. ಏನು ತಿಂದಿರಿ, ಎಷ್ಟು ಹೊತ್ತಿಗೆ, ಆಗ ಮನಸ್ಸಿನಲ್ಲಿ ಏನಿತ್ತು ಎಂದು ಬರೆಯಲು ಹೇಳಿದರು. ಮೂರು ಊಟ, ನಡುವೆ ಎರಡು ತಿಂಡಿ, ಹಸಿವಿರಲಿ ಬಿಡಲಿ ಮೂರ್ನಾಲ್ಕು ಗಂಟೆಗಿಂತ ಹೆಚ್ಚು ಖಾಲಿ ಬಿಡಬಾರದು ಎಂದರು. ಹಿಂದಿನ ರಾತ್ರಿ ಎಷ್ಟೇ ತಿಂದಿದ್ದರೂ ಬೆಳಗಿನ ತಿಂಡಿ ಬಿಡುವಂತಿಲ್ಲ ಎಂದರು. ಆ ಮೊದಲ ಬೆಳಿಗ್ಗೆ ಎರಡು ಇಡ್ಲಿ ಮುಂದಿಟ್ಟುಕೊಂಡು ನೀವು ಅತ್ತಿರಿ. ಇದು ಕಾಗ್ನಿಟಿವ್ ಬಿಹೇವಿಯರ್ ಥೆರಪಿಯ ಒಂದು ಮುಖ್ಯ ಭಾಗ. ಆಕ್ಸ್‌ಫರ್ಡ್‌ನ ಕ್ರಿಸ್ಟೋಫರ್ ಫೇರ್‌ಬರ್ನ್ ಅವರು ಇದೇ ದಾರಿಯನ್ನು ಸಾಮಾನ್ಯ ಓದುಗರಿಗಾಗಿ 1995ರಲ್ಲಿ ಪುಸ್ತಕವಾಗಿ ಬರೆದರು. ಯಾರಾದರೂ ಜೊತೆಗಿದ್ದು ನಡೆಸಿದರೆ ಇಂಥ ಪುಸ್ತಕದಿಂದಲೂ ಪ್ರಯೋಜನವಿದೆಯೆಂದು ಬ್ರಿಟನ್ನಿನ ಚಿಕಿತ್ಸಾ ಮಾರ್ಗಸೂಚಿ ಒಪ್ಪಿದೆ. ಅಂದರೆ ಈ ಕಾಯಿಲೆಯವರಿಗೆ ಪುಸ್ತಕವೂ ಮದ್ದಾಗಬಲ್ಲದು. ನೀವು ಈ ಇಡ್ಲಿಯ ಬೆಳಗಿಗೆ ಅರ್ಧ ಪುಟ ಕೊಟ್ಟಿದ್ದೀರಿ, ಊಟದ ಪಟ್ಟಿಗೆ ಹದಿನೆಂಟು ಪುಟ. ತಿರುವುಮುರುವು ಮಾಡಿ.

ಪಟ್ಟಿ ಯಾಕೆ ಬೇಡ? ಇದೇ ಕಾಯಿಲೆಯಿರುವ ಹುಡುಗಿಯೊಬ್ಬಳು ಓದಿದರೆ ಅವಳಿಗೆ ಅದು ಹೊಸ ಕಟ್ಟುಪಾಡಾಗುತ್ತದೆ. ನೀವು ತಿಂದದ್ದಕ್ಕಿಂತ ಒಂದು ಚಪಾತಿ ಕಡಿಮೆ ತಿಂದು ಗೆದ್ದೆ ಎಂದುಕೊಳ್ಳುತ್ತಾಳೆ, ಮೂರನೇ ರಾತ್ರಿ ಸೋಲುತ್ತಾಳೆ. ತೂಕವೂ ಅಷ್ಟೆ. ಈ ಚಿಕಿತ್ಸೆಯಿಂದ ವಿಪರೀತ ತಿನ್ನುವುದು ನಿಂತರೂ ಎಷ್ಟೋ ಜನರ ತೂಕ ಹೆಚ್ಚೇನೂ ಇಳಿಯುವುದಿಲ್ಲ. ನಿಮ್ಮದು ಇಳಿಯಿತು. ಇಳಿಯದವಳು ನಿಮ್ಮ ಲೆಕ್ಕ ನೋಡಿ, ಗುಣವಾಗುತ್ತಿದ್ದರೂ 'ನನಗೆ ಗುಣವಾಗಿಲ್ಲ' ಎಂದು ಕೈಬಿಡುತ್ತಾಳೆ. ಇನ್ನು ಆ ಹಳೆಯ ಫೋಟೊ. ಹೀಗಿದ್ದೆ, ನೋಡಿ ಎಂದು ನೀವು ತೋರಿಸುವ ಮೈ ಇವತ್ತು ನಿಮ್ಮ ಪುಸ್ತಕ ಓದುವವಳ ಮೈ.

ಡಬ್ಬದ ಮುಚ್ಚಳಕ್ಕೆ ಸೆರಗು ಒತ್ತುವ ಸಾಲುಗಳನ್ನು ಮಾತ್ರ ಯಾರು ಹೇಳಿದರೂ ತೆಗೆಯಬೇಡಿ. ಅದನ್ನು ಓದಿದ ಒಬ್ಬಳಿಗಾದರೂ 'ಇದು ನನ್ನೊಬ್ಬಳದ್ದಲ್ಲ' ಎಂದು ಗೊತ್ತಾಗುತ್ತದೆ.

ಕಾಯಿಲೆ ಮರಳೀತೇ ಎಂದಿರಿ. ಮರಳುವ ಸಾಧ್ಯತೆ ಇದ್ದೇ ಇರುತ್ತದೆ, ಬರೆದರೂ ಬರೆಯದಿದ್ದರೂ. ಬರೆಯುವುದರಿಂದ ಮನಸ್ಸು ಹಗುರಾಗುವುದೂ ಉಂಟು, ಹಳೆಯ ಗಾಯ ಕೆದಕಿದಂತಾಗುವುದೂ ಉಂಟು. ಹಸ್ತಪ್ರತಿಯನ್ನು ಅಚ್ಚಿಗೆ ಕೊಡುವ ಮುಂಚೆ ನಿಮ್ಮ ಮನೋವೈದ್ಯರಿಗೆ ತೋರಿಸಿ. ಕರಡು ತಿದ್ದುವ ಕೆಲಸ ಹಗಲಲ್ಲಿ ಮಾಡಿ, ರಾತ್ರಿ ಒಬ್ಬರೇ ಕೂತು ಬೇಡ. ಊಟ ಬಿಡುವುದು ಶುರುವಾದರೆ, ತಿಂದದ್ದನ್ನು ಮುಚ್ಚಿಡಬೇಕು ಅನ್ನಿಸಿದರೆ, ಪುಸ್ತಕವನ್ನು ಪಕ್ಕಕ್ಕಿಟ್ಟು ಅವರ ಬಳಿ ಹೋಗಿ. ಯಜಮಾನರಿಗೂ ಮಕ್ಕಳಿಗೂ ಮೊದಲೇ ಓದಲು ಕೊಡಿ. ನಿಮ್ಮ ಹೆಸರು ಮುಖಪುಟದ ಮೇಲಿದ್ದರೆ ಅತ್ತೆಯವರು ಯಾರೆಂದು ಇಡೀ ಊರಿಗೆ ಗೊತ್ತಾಗುತ್ತದೆ, ಅದನ್ನೂ ಯೋಚಿಸಿ.

ಸ್ವಂತ ದುಡ್ಡಿನಲ್ಲಿ ಪುಸ್ತಕ ತರುವುದಕ್ಕೆ ಸಂಕೋಚ ಬೇಡ. ಕಾದಂಬರಿಕಾರ ಗಳಗನಾಥರು ತಮ್ಮ ಪುಸ್ತಕಗಳನ್ನು ತಾವೇ ಹೊತ್ತು ಊರೂರು ಸುತ್ತಿ ಮಾರಿದ ನಾಡು ಇದು. ಐಎಸ್‌ಬಿಎನ್ ಸಂಖ್ಯೆಯನ್ನು ಕೇಂದ್ರ ಸರ್ಕಾರದ ರಾಜಾ ರಾಮಮೋಹನ್ ರಾಯ್ ಏಜೆನ್ಸಿ ಲೇಖಕರಿಗೂ ಉಚಿತವಾಗಿ ಕೊಡುತ್ತದೆ, ಅದಕ್ಕೆ ಯಾರಿಗೂ ದುಡ್ಡು ಕೊಡಬೇಡಿ. ಮೊದಲು ಇನ್ನೂರೋ ಮುನ್ನೂರೋ ಪ್ರತಿ ಸಾಕು, ಸಾಲ ಮಾಡಬೇಡಿ. ಬೆನ್ನುಡಿಯಲ್ಲಿ 'ಖಚಿತ ಪರಿಹಾರ' ಎಂಬ ಮಾತು ಬರಕೂಡದು. ಪುಸ್ತಕ ಓದಿದವರು ನಿಮಗೆ ಫೋನ್ ಮಾಡಿ ಅಳುತ್ತಾರೆ, ಮಾಡಿಯೇ ಮಾಡುತ್ತಾರೆ. ಅವರೆಲ್ಲರಿಗೂ ನೀವು ವೈದ್ಯರಾಗಲು ಆಗದು. ಕೊನೆಯ ಪುಟದಲ್ಲಿ ಟೆಲಿ ಮಾನಸ್ ಸಹಾಯವಾಣಿ 14416 ಅನ್ನು ದೊಡ್ಡ ಅಕ್ಷರದಲ್ಲಿ ಹಾಕಿಸಿ.

ಪ್ರಶ್ನೆ: ನನಗೆ 58, ಎಂಟು ವರ್ಷದಿಂದ ಸಕ್ಕರೆ ಕಾಯಿಲೆ, ಗ್ಲಿಮೆಪಿರೈಡ್ ಮಾತ್ರೆ ಇದೆ. ಅತಿಯಾಗಿ ತಿನ್ನುವ ಚಟ ಬಿಟ್ಟವರೊಬ್ಬರ ಪುಸ್ತಕ ಓದಿ ನಾನೂ ಒಪ್ಪೊತ್ತು ಊಟ ಶುರು ಮಾಡಿದೆ. ಎರಡು ಸಲ ಮೈ ಬೆವತು, ಕೈ ನಡುಗಿ, ಕಣ್ಣು ಕತ್ತಲೆ ಬಂತು. ಮುಂದುವರಿಸಲೇ?
– ಹಾಸನದ ಓದುಗರು

ಉತ್ತರ: ಇವತ್ತೇ ನಿಲ್ಲಿಸಿ. ನೀವು ತಿನ್ನಲಿ ಬಿಡಲಿ ಆ ಮಾತ್ರೆ ಇನ್ಸುಲಿನ್ ಹೊರಡಿಸುತ್ತಲೇ ಇರುತ್ತದೆ, ಹೊಟ್ಟೆ ಖಾಲಿಯಿದ್ದರೆ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯುತ್ತದೆ. ಹಾಗೆ ಮತ್ತೆ ಆದರೆ ಮೂರು ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿಯಿರಿ. ಹದಿನೈದು ನಿಮಿಷದಲ್ಲಿ ಸರಿಹೋಗದಿದ್ದರೆ ಇನ್ನೊಮ್ಮೆ ಕುಡಿದು ಆಸ್ಪತ್ರೆಗೆ ಹೊರಡಿ. ಪ್ರಜ್ಞೆ ತಪ್ಪಿದವರ ಬಾಯಿಗೆ ಮಾತ್ರ ಏನೂ ಹಾಕಬಾರದು, ಇದನ್ನು ಮನೆಯವರಿಗೆ ಹೇಳಿಡಿ. ಮಾತ್ರೆಯನ್ನು ನೀವಾಗಿ ಬಿಡದೆ ವೈದ್ಯರನ್ನು ಕಂಡು ಊಟದ ಹೊತ್ತು, ಮಾತ್ರೆಯ ಹೊತ್ತು ಎರಡನ್ನೂ ಹೊಂದಿಸಿಕೊಳ್ಳಿ. ದಾವಣಗೆರೆಯ ಮೇಡಂ ಅವರೂ ಈ ಪತ್ರವನ್ನು ಓದಬೇಕೆಂದು ಕೇಳಿಕೊಳ್ಳುತ್ತೇನೆ. ಪುಸ್ತಕದಲ್ಲಿ ಹಾಕಿದ ಪಟ್ಟಿ ಯಾರ ಕೈಗೆ ಹೋಗುತ್ತದೆಂದು ಬರೆದವರಿಗೆ ಗೊತ್ತಾಗುವುದಿಲ್ಲ.

ಪ್ರಶ್ನೆ: ಪಿಯುಸಿ ಓದುವ ಮಗಳ ಮಂಚದ ಕೆಳಗೆ ಬಿಸ್ಕೆಟ್, ಚಿಪ್ಸ್ ಕವರುಗಳ ರಾಶಿ ಸಿಕ್ಕಿತು. ಎಲ್ಲರೆದುರು ಅರ್ಧ ಚಪಾತಿ ತಿನ್ನುತ್ತಾಳೆ. ಊಟವಾದ ಕೂಡಲೇ ಬಚ್ಚಲಿಗೆ ಹೋಗುತ್ತಾಳೆ. ಏನು ಮಾಡಲಿ?
– ಒಬ್ಬ ತಾಯಿ, ಬೆಳಗಾವಿ

ಉತ್ತರ: ಬೈಯಬೇಡಿ, ತಿಂಡಿಯ ಕಪಾಟಿಗೆ ಬೀಗ ಹಾಕಬೇಡಿ, ತೂಕದ ಮಾತೆತ್ತಬೇಡಿ. ಅವಳು ತಿಂದದ್ದನ್ನು ವಾಂತಿ ಮಾಡುತ್ತಿರಬಹುದು. ಪದೇ ಪದೇ ವಾಂತಿಯಾದರೆ ರಕ್ತದಲ್ಲಿ ಪೊಟ್ಯಾಸಿಯಂ ಇಳಿದು ಹೃದಯದ ಬಡಿತವೇ ತಪ್ಪಬಹುದು, ಹಾಗಾಗಿ ರಕ್ತಪರೀಕ್ಷೆ ತಡಮಾಡಬೇಡಿ. ಇಬ್ಬರೇ ಇರುವಾಗ 'ನಿನಗೆ ಕಷ್ಟವಾಗುತ್ತಿದೆ ಅನ್ನಿಸುತ್ತೆ ಪುಟ್ಟಿ, ಡಾಕ್ಟರ ಹತ್ತಿರ ನಾನೂ ಬರ್ತೀನಿ' ಎಂದಷ್ಟೇ ಹೇಳಿ. ಈ ವಾರವೇ ಮನೋವೈದ್ಯರಿಗೆ ತೋರಿಸಿ. ಎಲ್ಲಿಗೆ ಹೋಗಬೇಕೆಂದು ತಿಳಿಯದಿದ್ದರೆ 14416ಕ್ಕೆ ಕರೆ ಮಾಡಿ. ಹಗಲು ರಾತ್ರಿ ಯಾವಾಗಲೂ ತೆಗೆಯುತ್ತಾರೆ, ಉಚಿತ, ಕನ್ನಡದಲ್ಲೇ ಮಾತಾಡಬಹುದು.