ಸೊರಗಿದ ಮೇಕೆ ಮನೆಗೆ ಬಂದಾಗ: ಮೊದಲು ಆರೈಕೆ, ಆಮೇಲೆ ಸ್ನಾನ

ಸಂತೆಯಲ್ಲಿ ಅಗ್ಗಕ್ಕೆ ಸಿಕ್ಕಿತೆಂದು ಹಿಡಿದು ತಂದ ಆಡು, ಸಾಕಿದವರು ಹಾಸಿಗೆ ಹಿಡಿದ ಮೇಲೆ ಗೂಟದಲ್ಲೇ ಉಳಿದುಹೋದ ಆಡು, ಹರಕೆಗೆಂದು ತಂದು ಪಟ್ಟಣದ ಮಹಡಿಯ ಮೇಲೆ ತಿಂಗಳುಗಟ್ಟಲೆ ಕಟ್ಟಿಹಾಕಿದ ಹೋತ, ಲಾರಿಯಲ್ಲಿ ಒತ್ತರಿಸಿ ತುಂಬಿದ್ದನ್ನು ಪೊಲೀಸರು ಇಳಿಸಿ ಯಾರದೋ ಸುಪರ್ದಿಗೆ ಒಪ್ಪಿಸಿದ ಮಂದೆ. ಮೇಕೆ ಸಾಕುವವರ ಅಂಗಳಕ್ಕೆ ಇಂಥವು ಒಂದಲ್ಲ ಒಂದು ದಿನ ಬಂದೇ ಬರುತ್ತವೆ. ಬೆನ್ನುಮೂಳೆ ಎದ್ದು ಕಾಣುತ್ತಿರುತ್ತದೆ, ಗೊರಸು ಮುಂದಕ್ಕೆ ಬೆಳೆದು ಸೊಟ್ಟಗಾಗಿರುತ್ತದೆ, ಮೈತುಂಬ ಹೇನು, ಬಾಲದ ಬುಡದಲ್ಲಿ ಒಣಗಿದ ಭೇದಿ. ನೋಡಿದರೆ ಕರುಳು ಚುರುಕ್ಕೆನ್ನುತ್ತದೆ.

ಆ ಕನಿಕರದಲ್ಲಿ ನಾವು ಮಾಡುವುದೇ ಎಷ್ಟೋ ಸಲ ಅದರ ಜೀವ ತೆಗೆಯುತ್ತದೆ. ಬಂದ ದಿನವೇ ಮೈ ತೊಳೆಯುತ್ತೇವೆ, ಬುಟ್ಟಿತುಂಬ ಮುಸುಕಿನ ಜೋಳ ಇಡುತ್ತೇವೆ, ಜಂತುಹುಳದ ಔಷಧ ಕುಡಿಸುತ್ತೇವೆ, ಲಸಿಕೆಯನ್ನೂ ಹಾಕಿಸಿಬಿಡುತ್ತೇವೆ. ನಾಲ್ಕೂ ಬೇಕಾದ ಕೆಲಸಗಳೇ. ಆದರೆ ನಾಲ್ಕನ್ನೂ ಒಂದೇ ದಿನ ತಾಳುವ ಶಕ್ತಿ ಹಸಿದ ಮೈಗೆ ಇರುವುದಿಲ್ಲ. ಯಾವ ಕೆಲಸ ಮೊದಲು, ಯಾವುದು ಆಮೇಲೆ ಎಂಬುದನ್ನು ಸರಿಯಾಗಿ ತಿಳಿದುಕೊಂಡರೆ ಇಂಥ ಮೇಕೆಗಳಲ್ಲಿ ಬಹಳಷ್ಟು ಉಳಿಯುತ್ತವೆ.

ಮೊದಲ ಮೂರು ದಿನ

ಬಂದ ಮೇಕೆಯನ್ನು ನಿಮ್ಮ ಮಂದೆಯೊಳಗೆ ಬಿಡಬೇಡಿ. ಕೊಟ್ಟಿಗೆಯಿಂದ ದೂರದಲ್ಲಿ, ಗಾಳಿಯಾಡುವ, ನೆಲ ಒಣಗಿರುವ ಒಂದು ಚಪ್ಪರ ಸಾಕು. ಕನಿಷ್ಠ ಮೂರರಿಂದ ನಾಲ್ಕು ವಾರ ಅಲ್ಲೇ ಇರಲಿ. ಬಕೆಟ್ಟು, ಮೇವಿನ ಬುಟ್ಟಿ ಬೇರೆ ಇರಲಿ. ಮನೆಯ ಮಂದೆಯ ಕೆಲಸ ಮುಗಿಸಿ ಕೊನೆಗೆ ಇದರ ಹತ್ತಿರ ಹೋಗಿ, ಬಂದ ಮೇಲೆ ಕೈಕಾಲು ತೊಳೆಯಿರಿ. ಈ ಎಚ್ಚರ ಹೆಚ್ಚಾಯಿತು ಎನ್ನುವವರು ಹಿರೇಬೇನೆ, ಅಂದರೆ ಪಿಪಿಆರ್, ಹೊಕ್ಕ ಹಟ್ಟಿಯನ್ನು ಒಮ್ಮೆ ನೋಡಬೇಕು. ನಮ್ಮ ದೇಶದಲ್ಲಿ ಈ ರೋಗ ಮೊದಲು ಗುರುತಾದದ್ದು 1987ರಲ್ಲಿ, ತಮಿಳುನಾಡಿನ ಅರಸೂರಿನಲ್ಲಿ. ಅದು ಉಸಿರು, ಸಿಂಬಳ, ಜೊಲ್ಲಿನಿಂದ ಹರಡುತ್ತದೆ. ಮೇಲ್ನೋಟಕ್ಕೆ ಚೆನ್ನಾಗಿರುವ ಮೇಕೆಯಲ್ಲೂ ಮೊದಲ ಕೆಲವು ದಿನ ಅಡಗಿರುತ್ತದೆ.

ಮನೆಯಲ್ಲಿರುವ ಥರ್ಮಾಮೀಟರನ್ನು ಗುದದ್ವಾರದಲ್ಲಿಟ್ಟು ಮೈಶಾಖ ನೋಡಿ. ಆಮೇಲೆ ಅದನ್ನು ಮೇಕೆಗೇ ಮೀಸಲಿಡಿ. 102ರಿಂದ 103.5 ಡಿಗ್ರಿ ಫ್ಯಾರನ್‌ಹೀಟ್ ಇದ್ದರೆ ಸರಿ. 104.5 ದಾಟಿದರೆ ಜ್ವರ. ಆದರೆ ಸೊರಗಿದ ಮೇಕೆಯಲ್ಲಿ ಹೆಚ್ಚು ಭಯಪಡಬೇಕಾದದ್ದು 100ಕ್ಕಿಂತ ಕೆಳಗಿಳಿದ ಶಾಖಕ್ಕೆ. ಚರ್ಮದಡಿಯ ಕೊಬ್ಬೆಲ್ಲ ಕರಗಿದ ಪ್ರಾಣಿಗೆ ಮೈ ಬೆಚ್ಚಗಿಟ್ಟುಕೊಳ್ಳಲು ಬಂಡವಾಳವೇ ಇರುವುದಿಲ್ಲ. ನೆಲಕ್ಕೆ ದಪ್ಪಗೆ ಒಣಹುಲ್ಲು ಹಾಸಿ, ಗೋಣಿಚೀಲ ಹೊದೆಸಿ, ಬಿಸಿನೀರು ತುಂಬಿದ ಬಾಟಲಿಗಳಿಗೆ ಬಟ್ಟೆ ಸುತ್ತಿ ಪಕ್ಕೆಗಿಡಿ. ಮರಿಯಾದರೆ ಇದು ಇನ್ನೂ ಮುಖ್ಯ: ಮೈ ತಣ್ಣಗಿರುವ ಮರಿಗೆ ಹಾಲು ಕುಡಿಸಿದರೆ ಅದು ಅರಗುವುದಿಲ್ಲ. ಮೊದಲು ಬೆಚ್ಚಗಾಗಲಿ, ಬಾಯೊಳಗೆ ಬೆರಳಿಟ್ಟರೆ ಬಿಸಿ ತಾಗಲಿ, ಆಮೇಲೆ ಹಾಲು.

ಕುತ್ತಿಗೆಯ ಚರ್ಮ ಚಿವುಟಿ ಬಿಡಿ. ಎರಡು ಎಣಿಸುವಷ್ಟರಲ್ಲಿ ಅದು ಮೊದಲಿನಂತಾಗದಿದ್ದರೆ, ಕಣ್ಣು ಗುಳಿಬಿದ್ದಿದ್ದರೆ, ಮೈಯಲ್ಲಿ ನೀರು ಕಡಿಮೆಯಾಗಿದೆ. ಒಂದು ಲೀಟರ್ ಉಗುರುಬೆಚ್ಚಗಿನ ನೀರಿಗೆ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಬೆರೆಸಿ ಅರ್ಧ ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪ ಇಡಿ. ತಾನಾಗಿ ಕುಡಿಯಲಿ. ಮಲಗಿದ ಮೇಕೆಯ ತಲೆ ಎತ್ತಿ ಹಿಡಿದು ಗೊಟ್ಟದಲ್ಲಿ ಎರೆಯಬೇಡಿ. ನುಂಗುವ ಶಕ್ತಿಯಿಲ್ಲದ ಮೇಕೆಗೆ ಆ ನೀರು ಶ್ವಾಸಕೋಶಕ್ಕೆ ಹೋಗುತ್ತದೆ. ಕುಡಿಯಲಾಗದಿದ್ದರೆ ಪಶುವೈದ್ಯರು ಬಂದು ಡ್ರಿಪ್ ಹಾಕಬೇಕು. ಹತ್ತಿರ ಆಸ್ಪತ್ರೆ ಇಲ್ಲದವರು 1962ಕ್ಕೆ ಕರೆ ಮಾಡಿದರೆ ಪಶು ಸಂಜೀವಿನಿ ವಾಹನ ಮನೆಬಾಗಿಲಿಗೆ ಬರುತ್ತದೆ.

ಇನ್ನು ಮೇವು. ಮೇಕೆಯ ಹೊಟ್ಟೆಯಲ್ಲಿ ಮೇವನ್ನು ಅರಗಿಸುವುದು ಅಲ್ಲಿರುವ ಸೂಕ್ಷ್ಮಜೀವಿಗಳು. ದಿನಗಟ್ಟಲೆ ಉಪವಾಸವಿದ್ದರೆ ಅವೂ ಸಾಯುತ್ತವೆ. ಆ ಸ್ಥಿತಿಯಲ್ಲಿ ಒಮ್ಮೆಲೇ ಜೋಳ, ಅಕ್ಕಿನುಚ್ಚು, ಅನ್ನ ಬಿದ್ದರೆ ಹೊಟ್ಟೆಯೊಳಗೆ ಆಮ್ಲ ಹೆಚ್ಚಿ ಎಲ್ಲ ಹುಳಿಯಾಗುತ್ತದೆ. ಮೇಕೆ ಮೆಲುಕು ನಿಲ್ಲಿಸುತ್ತದೆ, ಹಲ್ಲು ಕಡಿಯುತ್ತದೆ, ನೀರಾಗಿ ಭೇದಿ ಮಾಡುತ್ತದೆ, ಒಂದೆರಡು ದಿನದಲ್ಲಿ ನೆಲ ಹಿಡಿಯುತ್ತದೆ. ಮದುವೆ ಮನೆಯಲ್ಲಿ ಉಳಿದ ಅನ್ನವನ್ನು ಪಾಪ ಹಸಿದಿದೆ ಎಂದು ಸುರಿದು, ಮರುದಿನ ಗುಂಡಿ ತೋಡಿದ ಮನೆಗಳನ್ನು ನಾನು ಕಂಡಿದ್ದೇನೆ. ಆ ಮನೆಯವರ ಸಂಕಟ ಹೇಳತೀರದು.

ಮೊದಲ ಮೂರು ದಿನ ಒಣಮೇವು ಮಾತ್ರ: ರಾಗಿ ಹುಲ್ಲು, ಶೇಂಗಾ ಬಳ್ಳಿ, ತೊಗರಿ ಅಥವಾ ಹುರುಳಿ ಹೊಟ್ಟು. 20 ಕಿಲೋ ತೂಗುವ ಆರೋಗ್ಯದ ಮೇಕೆ ದಿನಕ್ಕೆ 600ರಿಂದ 800 ಗ್ರಾಂ ಒಣಮೇವು ತಿನ್ನುತ್ತದೆ. ಸೊರಗಿದ್ದಕ್ಕೆ ಅದರ ಅರ್ಧದಿಂದ ಶುರುಮಾಡಿ, ಅದನ್ನೂ ನಾಲ್ಕೈದು ಸಲಕ್ಕೆ ಹಂಚಿ. ಎಡಪಕ್ಕೆಯ ಗುಳಿಗೆ ಮುಷ್ಟಿ ಒತ್ತಿ ಹಿಡಿದರೆ ನಿಮಿಷಕ್ಕೆ ಒಂದೆರಡು ಸಲ ಒಳಗಿನಿಂದ ಹೊಟ್ಟೆ ಹೊರಳಿ ಕೈಯನ್ನು ತಳ್ಳಬೇಕು. ಅದು ಸಿಕ್ಕಿತು, ಮೆಲುಕು ಬಂತು, ಹಿಕ್ಕೆ ಗುಂಡಗಾಯಿತು ಎಂದರೆ ಹೊಟ್ಟೆ ಕೆಲಸಕ್ಕೆ ಮರಳಿದೆ. ಆಗ ಸೊಪ್ಪು ಸೇರಿಸಿ: ಅಗಸೆ, ಗ್ಲಿರಿಸೀಡಿಯ, ಹಲಸು, ಬನ್ನಿ, ಆಲ. ಕೊಯ್ದು ಅರೆಬಾಡಿಸಿ ಎತ್ತರಕ್ಕೆ ಕಟ್ಟಿ. ಸುಬಾಬುಲ್ ಮೇವಿನ ಮೂರನೇ ಒಂದು ಭಾಗ ಮೀರದಿರಲಿ. ಹೆಚ್ಚಾದರೆ ಕೂದಲು ಉದುರುತ್ತದೆ. ಮಳೆ ಕೈಕೊಟ್ಟು ಕುಗ್ಗಿದ ಜೋಳದ ಎಳೆಸೊಪ್ಪೆ, ಕಟಾವಾದ ಮೇಲೆ ಕೂಳೆಯಲ್ಲಿ ಬಂದ ಚಿಗುರು, ಇವೆರಡನ್ನೂ ಮುಟ್ಟಿಸಬೇಡಿ. ಅವುಗಳಲ್ಲಿ ಸಯನೈಡ್ ವಿಷ ಇರುತ್ತದೆ. ಎರಡನೇ ವಾರದಿಂದ ದಿನಕ್ಕೆ 50 ಗ್ರಾಂ ಬೂಸಾ ಕೊಡಿ, ಶೇಂಗಾ ಹಿಂಡಿಯನ್ನು ಆಮೇಲೆ ಬೆರೆಸುತ್ತ ಬನ್ನಿ. ಮೂರು ದಿನಕ್ಕೊಮ್ಮೆ ಸ್ವಲ್ಪ ಏರಿಸುತ್ತ ತಿಂಗಳ ಕೊನೆಗೆ 200 ಗ್ರಾಂ ಮುಟ್ಟಿದರೆ ಸಾಕು. ಖನಿಜ ಮಿಶ್ರಣ ದಿನಕ್ಕೆ 10 ಗ್ರಾಂ.

ಗಬ್ಬದ ಮೇಕೆಯಾದರೆ ಈ ಲೆಕ್ಕ ಬದಲಾಗುತ್ತದೆ. ಕೊನೆಯ ಒಂದೂವರೆ ತಿಂಗಳಲ್ಲಿ ಹೊಟ್ಟೆಯ ಮರಿ ಭರದಿಂದ ಬೆಳೆಯುತ್ತದೆ. ತಾಯಿಗೆ ಶಕ್ತಿ ಸಾಲದೆ ಅದು ತೂಕಡಿಸಿ ನೆಲ ಹಿಡಿಯಬಹುದು. ಇಂಥದ್ದನ್ನು ನೀವೇ ಸಂಭಾಳಿಸಲು ಹೋಗದೆ ಮೊದಲ ದಿನವೇ ವೈದ್ಯರಿಗೆ ತೋರಿಸಿ.

ಕಣ್ಣಿನ ಕೆಳರೆಪ್ಪೆ ಹೇಳುವ ಕಥೆ

ಸೊರಗುವುದಕ್ಕೆ ಮೇವಿನ ಕೊರತೆಯಷ್ಟೇ ದೊಡ್ಡ ಕಾರಣ ಹೊಟ್ಟೆಯ ಹುಳ. ಅವುಗಳಲ್ಲಿ ರಕ್ತ ಹೀರುವ ಹಿಮೋಂಕಸ್ ಎಂಬ ದಾರದಂಥ ಹುಳ ಎಲ್ಲಕ್ಕಿಂತ ಕ್ರೂರಿ. ಒಂದು ಹುಳ ದಿನಕ್ಕೆ ಸುಮಾರು 0.05 ಮಿಲಿಲೀಟರ್ ರಕ್ತ ಹೀರುತ್ತದೆ. ಕೇಳಲು ಸಣ್ಣ ಲೆಕ್ಕ. ಆದರೆ ಹೊಟ್ಟೆಯಲ್ಲಿ ಸಾವಿರ ಹುಳ ಇದ್ದರೆ ದಿನಕ್ಕೆ 50 ಮಿಲಿಲೀಟರ್ ಹೋಯಿತು, ಐದು ಸಾವಿರ ಇದ್ದರೆ ಕಾಲು ಲೀಟರ್. ಇಷ್ಟು ರಕ್ತ ಕಳೆದುಕೊಂಡು ಮೇಕೆ ಎಷ್ಟು ದಿನ ನಿಂತೀತು?

ಇದನ್ನು ಕಂಡುಹಿಡಿಯಲು ಯಂತ್ರ ಬೇಡ. ಬೆಳಕಿಗೆ ಮುಖ ಮಾಡಿಸಿ, ಮೇಲಿನ ರೆಪ್ಪೆಯಿಂದ ಕಣ್ಣುಗುಡ್ಡೆಯನ್ನು ಮೆಲ್ಲಗೆ ಒತ್ತಿ, ಹೆಬ್ಬೆರಳಿನಿಂದ ಕೆಳರೆಪ್ಪೆ ಎಳೆಯಿರಿ. ಒಳಗಿನ ಪೊರೆ ಕೆಂಪಗಿದ್ದರೆ ಭಯವಿಲ್ಲ. ತಿಳಿಗುಲಾಬಿಗೆ ತಿರುಗಿದ್ದರೆ ಔಷಧ ಬೇಕು. ಕಾಗದದಂತೆ ಬಿಳಿಚಿದ್ದರೆ ಆ ಕ್ಷಣವೇ ವೈದ್ಯರು ಬೇಕು. ದಕ್ಷಿಣ ಆಫ್ರಿಕಾದ ಪಶುವೈದ್ಯರು 1990ರ ದಶಕದಲ್ಲಿ ಇದಕ್ಕೆಂದೇ ಐದು ಬಣ್ಣಗಳ ಫಮಾಚಾ ಎಂಬ ಪಟ್ಟಿ ರೂಪಿಸಿದರು. ಹದಿನೈದು ದಿನಕ್ಕೊಮ್ಮೆ ಪ್ರತಿ ಮೇಕೆಯ ರೆಪ್ಪೆ ನೋಡುವ ರೂಢಿಯನ್ನು ನಮ್ಮ ಎಲ್ಲ ಸಾಕಣೆದಾರರೂ ಬೆಳೆಸಿಕೊಳ್ಳಬೇಕು ಎಂಬುದು ನನ್ನ ಆಸೆ.

ಗದ್ದದ ಕೆಳಗೆ ಮೆತ್ತನೆ ನೀರು ತುಂಬಿದಂತೆ ಬಾವು ಬಂದು, ಒತ್ತಿದರೆ ಬೆರಳಿನ ಗುಳಿ ಉಳಿದರೆ ಅದೂ ರಕ್ತ ಕುಂದಿದ ಗುರುತು. ಅದನ್ನು ಗಂಟೆಂದು ತಿಳಿದು ಕೊಯ್ಯಲು ಹೋಗಬೇಡಿ. ಕಿವಿಯ ಕೆಳಗೆ ಇಲ್ಲವೇ ಭುಜದ ಮುಂದೆ ಗಟ್ಟಿಯಾಗಿ ಸಿಗುವ ಕೀವಿನ ಗಂಟು ಬೇರೆ. ಅದನ್ನೂ ಕೊಟ್ಟಿಗೆಯಲ್ಲಿ ಒಡೆಯಬಾರದು. ಆ ಕೀವು ನೆಲಕ್ಕೆ ಬಿದ್ದರೆ ಇಡೀ ಮಂದೆಗೆ ಅಂಟುತ್ತದೆ.

ಜಂತುನಾಶಕವನ್ನು ಕಣ್ಣಂದಾಜಿನಲ್ಲಿ ಕೊಡುವುದು ನಮ್ಮಲ್ಲಿ ದೊಡ್ಡ ಪಿಡುಗು. ಕಡಿಮೆ ಬಿದ್ದರೆ ಹುಳ ಸಾಯುವುದಿಲ್ಲ, ಔಷಧಕ್ಕೆ ಪಳಗುತ್ತದೆ. ತಕ್ಕಡಿ ಇಲ್ಲದಿದ್ದರೆ ಟೇಪು ಸಾಕು. ಮುಂಗಾಲಿನ ಹಿಂದೆ ಎದೆಯ ಸುತ್ತಳತೆ, ಭುಜದ ಮುಂತುದಿಯಿಂದ ಪೃಷ್ಠದ ಮೂಳೆವರೆಗಿನ ಉದ್ದ, ಎರಡನ್ನೂ ಇಂಚಿನಲ್ಲಿ ಅಳೆಯಿರಿ. ಸುತ್ತಳತೆಯನ್ನು ಸುತ್ತಳತೆಯಿಂದಲೇ ಗುಣಿಸಿ, ಬಂದದ್ದನ್ನು ಉದ್ದದಿಂದ ಗುಣಿಸಿ, 660ರಿಂದ ಭಾಗಿಸಿದರೆ ಕಿಲೋ ಲೆಕ್ಕದಲ್ಲಿ ತೂಕ ಸಿಗುತ್ತದೆ. ಸುತ್ತಳತೆ 26, ಉದ್ದ 22 ಇದ್ದರೆ ಸುಮಾರು ಇಪ್ಪತ್ತೆರಡೂವರೆ ಕಿಲೋ. ಮೇಕೆಯ ಮೈ ಕುರಿಗಿಂತ ಬೇಗ ಔಷಧ ಕರಗಿಸುವುದರಿಂದ ಕುರಿಯ ಅಳತೆ ಎಷ್ಟೋ ಔಷಧಗಳಲ್ಲಿ ಮೇಕೆಗೆ ಸಾಲದು. ಲೆವಮಿಸೋಲ್‌ನಂಥ ಕೆಲವಂತೂ ಸ್ವಲ್ಪ ಹೆಚ್ಚಾದರೂ ಬಡಕಲು ಮೇಕೆಗೆ ವಿಷವಾಗುತ್ತವೆ. ಗಬ್ಬದ ಮೊದಲ ಒಂದೂವರೆ ತಿಂಗಳಲ್ಲಿ ಆಲ್ಬೆಂಡಜೋಲ್ ಕೊಡಲೇಬಾರದು. ಹಾಗಾಗಿ ಯಾವ ಔಷಧ, ಎಷ್ಟು ಎಂಬುದನ್ನು ತೂಕ ಹೇಳಿ ಪಶುವೈದ್ಯರಿಂದಲೇ ಬರೆಸಿಕೊಳ್ಳಿ. ಎದ್ದು ನಿಂತು ಮೇವು ತಿನ್ನುವ ಹಂತಕ್ಕೆ ಬಂದ ಮೇಲೆ ಕೊಡುವುದು ಕ್ಷೇಮ.

ಗೊರಸು ಸವರುವುದು

ಕಲ್ಲುನೆಲದಲ್ಲಿ ಮೇಯುವ ಮೇಕೆಯ ಗೊರಸು ತಾನಾಗಿ ಸವೆಯುತ್ತದೆ. ಕಟ್ಟಿಹಾಕಿದ ಮೇಕೆಗೆ ಆ ಭಾಗ್ಯವಿಲ್ಲ. ಮುಂತುದಿ ಉದ್ದವಾಗುತ್ತದೆ, ಪಕ್ಕದ ಗೋಡೆ ಮಡಚಿ ಅಂಗಾಲಿನ ಮೇಲೆ ಮುಚ್ಚಿಕೊಳ್ಳುತ್ತದೆ, ಆ ಮಡಿಕೆಯೊಳಗೆ ಗಂಜಳ, ಹಿಕ್ಕೆ, ಕೆಸರು ಸೇರಿ ಕೊಳೆಯುತ್ತದೆ. ನೋವಿಗೆ ಮೇಕೆ ಮುಂಗಾಲು ಮಂಡಿಯೂರಿ ಮೇಯುತ್ತದೆ. ಮಂಡಿಯ ಮೇಲೆ ಕೂದಲುದುರಿ ದಡ್ಡುಗಟ್ಟಿದ್ದರೆ ಕಾರಣ ಗೊರಸಿನಲ್ಲಿದೆ ಎಂದು ತಿಳಿಯಿರಿ.

ಒಣಗಿದ ಗೊರಸು ಕಲ್ಲಿನಷ್ಟು ಗಟ್ಟಿ. ಒದ್ದೆ ಗೋಣಿಯ ಮೇಲೆ ಕಾಲು ಗಂಟೆ ನಿಲ್ಲಿಸಿದರೆ ಮೆತ್ತಗಾಗುತ್ತದೆ. ಒಬ್ಬರು ಮೇಕೆಯನ್ನು ಗೋಡೆಗೊತ್ತಿ ಹಿಡಿಯಲಿ, ಇನ್ನೊಬ್ಬರು ಕಾಲನ್ನು ಹಿಂದಕ್ಕೆ ಮಡಚಿ ಹಿಡಿಯಲಿ. ಮೊದಲು ಮೊಂಡು ಚಾಕುವಿನಿಂದ ಕೊಳೆ ಕೆರೆದು ತೆಗೆಯಿರಿ. ಆಮೇಲೆ ಗುಲಾಬಿ ಗಿಡ ಸವರುವ ಹರಿತವಾದ ಕತ್ತರಿಯಿಂದ ಮಡಚಿದ ಅಂಚನ್ನು ಹಿಮ್ಮಡಿಯಿಂದ ತುದಿಯವರೆಗೆ ಕತ್ತರಿಸಿ. ಒಳಗೆ ಕಪ್ಪಗೆ, ಕೆಟ್ಟ ವಾಸನೆಯ ಪುಡಿ ಸಿಗುತ್ತದೆ, ಅದೆಲ್ಲ ಹೋಗಬೇಕು. ಇನ್ನು ತುದಿಯನ್ನು ತೆಳುತೆಳುವಾಗಿ ಇಳಿಸುತ್ತ ಹೋಗಿ. ಬಿಳಿ ಪದರದಡಿ ನಸುಗೆಂಪು ಕಂಡೊಡನೆ ಕೈ ನಿಲ್ಲಲಿ. ಅದರಾಚೆ ರಕ್ತ. ಗೊರಸು ಮತ್ತು ಕೂದಲು ಕೂಡುವ ಗೆರೆಗೆ ಅಂಗಾಲು ಸಮನಾಗಿ ಬಂದರೆ ಆಕಾರ ಸರಿಯಾಗಿದೆ.

ತಿಂಗಳುಗಟ್ಟಲೆ ಬೆಳೆದ ಗೊರಸನ್ನು ಒಂದೇ ಸಲ ಸರಿಮಾಡಲು ಹೋಗಬೇಡಿ. ಕಾಲಿನ ನರ ಸೊಟ್ಟ ನಡಿಗೆಗೆ ಹೊಂದಿಕೊಂಡಿರುತ್ತದೆ. ಹತ್ತು ಹನ್ನೆರಡು ದಿನದ ಅಂತರದಲ್ಲಿ ಮೂರ್ನಾಲ್ಕು ಸಲ ಸವರಿ. ಕೊಳೆತಿದ್ದರೆ 10 ಲೀಟರ್ ನೀರಿಗೆ 1 ಕಿಲೋ ಜಿಂಕ್ ಸಲ್ಫೇಟ್ ಕರಗಿಸಿ, ಅಗಲವಾದ ಬುಟ್ಟಿಯಲ್ಲಿ ಹತ್ತು ನಿಮಿಷ ನಿಲ್ಲಿಸಿ, ಒಣನೆಲದ ಮೇಲೆ ಬಿಡಿ. ಬಾಯಾರಿದ ಮೇಕೆ ಅದನ್ನೇ ಕುಡಿದೀತು, ಮೊದಲೇ ನೀರು ಕುಡಿಸಿರಿ. ರಕ್ತ ಬಂದರೆ ಅಯೋಡಿನ್ ಹಚ್ಚಿ, ಧನುರ್ವಾಯುವಿನ ಚುಚ್ಚುಮದ್ದು ಹಾಕಿಸಿ.

ಮೈಯ ಗಾಯ, ಹೇನು, ಕಜ್ಜಿ

ಎಳೆಯದರಲ್ಲಿ ಕಟ್ಟಿದ ಹಗ್ಗ, ಮೇಕೆ ಬೆಳೆದಂತೆಲ್ಲ ಕುತ್ತಿಗೆಯ ಮಾಂಸದೊಳಗೆ ಇಳಿದುಬಿಟ್ಟಿರುವುದುಂಟು. ಹೊರಗಿನಿಂದ ಕೂದಲು ಅಂಟಿದ ಒಂದು ಗೆರೆಯಷ್ಟೇ ಕಾಣುತ್ತದೆ, ಹತ್ತಿರ ಹೋದರೆ ವಾಸನೆ. ಎಳೆಯಬೇಡಿ. ಉಗುರುಬೆಚ್ಚಗಿನ ಉಪ್ಪುನೀರಿನ ಬಟ್ಟೆಯಿಂದ ನೆನೆಸಿ, ಸುತ್ತಲ ಕೂದಲು ಕತ್ತರಿಸಿ, ಹಗ್ಗ ಸಡಿಲ ಕಂಡ ಕಡೆ ತುಂಡರಿಸಿ ಮೆಲ್ಲಗೆ ಬಿಡಿಸಿ. ಆಳಕ್ಕಿಳಿದಿದ್ದರೆ ಅದು ಆಸ್ಪತ್ರೆಯ ಕೆಲಸ. ಹುಳ ಬಿದ್ದ ಗಾಯಕ್ಕೆ ಟರ್ಪೆಂಟೈನ್ ಎಣ್ಣೆಯಲ್ಲಿ ಅದ್ದಿದ ಹತ್ತಿ ಇಟ್ಟರೆ ಹುಳ ಹೊರಬರುತ್ತವೆ. ಒಂದೊಂದನ್ನೂ ಚಿಮಟದಿಂದ ತೆಗೆದು, ಗಾಯ ತೊಳೆದು, ಸುತ್ತ ಬೇವಿನೆಣ್ಣೆ ಹಚ್ಚಿ ನೊಣ ಕೂರದಂತೆ ನೋಡಿಕೊಳ್ಳಿ.

ಹೇನಿಗೆ ಮೈಮೇಲೆ ಹಾಕುವ ಔಷಧವನ್ನು ಎರಡನೇ ವಾರದಲ್ಲಿ, ಬಿಸಿಲಿನ ಬೆಳಗ್ಗೆ, ಸೀಸೆಯ ಮೇಲೆ ಬರೆದ ಅಳತೆಗೇ ಬೆರೆಸಿ ಹಾಕಿ. ಅದರಿಂದ ಹೇನು ಸಾಯುತ್ತವೆ, ಸೀರು ಸಾಯುವುದಿಲ್ಲ. ಅವು ಒಡೆದು ಹೊಸ ಹೇನು ಬರುವುದರಿಂದ ಹದಿನಾಲ್ಕು ದಿನಕ್ಕೆ ಮತ್ತೆ ಹಾಕಲೇಬೇಕು. ಬೆಳೆಗೆ ಹೊಡೆಯುವ ಕೀಟನಾಶಕವನ್ನು ಮೈಗೆ ಸವರುವುದು, ಕಜ್ಜಿಗೆ ಸುಟ್ಟ ಎಂಜಿನ್ ಆಯಿಲ್ ಬಳಿಯುವುದು, ಇವನ್ನು ದಯವಿಟ್ಟು ಬಿಡಿ. ಎರಡೂ ಚರ್ಮದಿಂದ ಒಳಗಿಳಿದು ವಿಷವಾಗುತ್ತವೆ. ತುಟಿಯ ಸುತ್ತ ಹಕ್ಕಳೆಗಟ್ಟಿದ ಹುಣ್ಣಿದ್ದರೆ ಬರಿಗೈಯಲ್ಲಿ ಮುಟ್ಟಬೇಡಿ, ಅದು ನಮಗೂ ಅಂಟುತ್ತದೆ. ಕಂದು ಹಾಕಿದ ಮೇಕೆಯ ಕಸವೂ ಅಷ್ಟೇ, ಅದರ ಹಸಿಹಾಲೂ ಬೇಡ.

ಸ್ನಾನ ಎಲ್ಲಕ್ಕಿಂತ ಕೊನೆಗೆ. ಮೇಕೆಗೆ ನೀರೆಂದರೆ ಆಗದು. ಬಡಕಲು ಮೈ ಒದ್ದೆಯಾದರೆ ನ್ಯುಮೋನಿಯಾಕ್ಕೆ ದಾರಿ. ತೆಂಗಿನ ನಾರಿನಿಂದ ದಿನವೂ ಮೈ ತಿಕ್ಕಿದರೆ ಅರ್ಧ ಕೊಳೆ ಹೋಗುತ್ತದೆ, ರಕ್ತ ಓಡಾಡುತ್ತದೆ, ಮುಟ್ಟಿಸಿಕೊಳ್ಳಲು ಹೆದರುವ ಮೇಕೆ ನಿಮ್ಮ ಕೈಗೆ ಒಗ್ಗುತ್ತದೆ. ಬಾಲದ ಬುಡವನ್ನು ಮಾತ್ರ ಮೊದಲೇ ಬಿಸಿನೀರಿನ ಬಟ್ಟೆಯಿಂದ ಒರೆಸಿ, ಕೂದಲು ಕತ್ತರಿಸಿ. ಪೂರ್ತಿ ಸ್ನಾನ ತಿಂಗಳ ನಂತರ, ನೆತ್ತಿಯ ಬಿಸಿಲಿಗೆ.

ಲಸಿಕೆ, ಮಂದೆಗೆ ಸೇರಿಸುವುದು

ಜ್ವರವಿಲ್ಲದೆ, ಮೇವು ತಿನ್ನುತ್ತ, ರೆಪ್ಪೆ ಕೆಂಪೇರಿದ ಮೇಲೆ ಲಸಿಕೆ. ನಾಲ್ಕು ತಿಂಗಳು ದಾಟಿದವಕ್ಕೆ ಹಿರೇಬೇನೆಯ ಲಸಿಕೆ. ಒಮ್ಮೆ ಹಾಕಿದರೆ ಕನಿಷ್ಠ ಮೂರು ವರ್ಷ ಕಾಯುತ್ತದೆ. ಕರುಳುಬೇನೆಯ ಲಸಿಕೆಯನ್ನು ಮೊದಲ ಸಲ ಎರಡು ಮೂರು ವಾರದ ಅಂತರದಲ್ಲಿ ಎರಡು ಬಾರಿ, ಆಮೇಲೆ ವರ್ಷಕ್ಕೊಮ್ಮೆ ಮುಂಗಾರಿಗೆ ಮುಂಚೆ ಹಾಕಿಸಿ. ಪೊಲೀಸರು ಒಪ್ಪಿಸಿದ ಮೇಕೆಗಳಾದರೆ ಮೊದಲ ದಿನದ ಫೋಟೊ, ವೈದ್ಯರ ಬರಹ, ಖರ್ಚಿನ ಚೀಟಿ ಎಲ್ಲ ಜೋಪಾನವಾಗಿಡಿ. ನ್ಯಾಯಾಲಯದ ಆದೇಶ ಬರುವವರೆಗೆ ಅವನ್ನು ಮಾರುವಂತಿಲ್ಲ.

ಎರಡು ತಿಂಗಳು ಚೆನ್ನಾಗಿ ತಿಂದೂ ಮೈ ಹತ್ತದ ಮೇಕೆಯ ಬಾಯಿ ತೆರೆದು ನೋಡಿ. ಬಾಯಿಗೂಡಿ ವರ್ಷಗಳಾಗಿ ಹಲ್ಲು ಸವೆದಿದ್ದರೆ ಅದಕ್ಕೆ ಹುಲ್ಲು ಕತ್ತರಿಸಿ ನೆನೆಸಿ ಕೊಡಬೇಕು. ಹಲ್ಲು ಸರಿಯಿದ್ದರೆ ತಾಜಾ ಹಿಕ್ಕೆಯನ್ನು ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿಸಿ. ಜೋನಿ ರೋಗ ಎಂದು ತಿಳಿದುಬಂದರೆ ಮದ್ದಿಲ್ಲ. ಅಂಥದ್ದನ್ನು ಮಂದೆಯೊಡನೆ ಎಂದೂ ಸೇರಿಸಬೇಡಿ.

ಉಳಿದವನ್ನು ಸೇರಿಸುವಾಗ ಮೊದಲು ಬೇಲಿಯ ಆಚೀಚೆ ಮೂರ್ನಾಲ್ಕು ದಿನ ಕಟ್ಟಿ, ಮೂಸಿ ಪರಿಚಯವಾಗಲಿ. ಒಂಟಿಯಾಗಿ ಬಿಡುವ ಬದಲು ನಿಮ್ಮ ಮಂದೆಯ ಸಾಧು ಮೇಕೆಯೊಂದನ್ನು ಅದರ ಜೊತೆ ಕೂಡಿಹಾಕಿ, ಆಮೇಲೆ ಎರಡನ್ನೂ ಒಟ್ಟಿಗೆ ಬಿಡಿ. ಕೋಡಿನ ಗುದ್ದಾಟ ಕೆಲವು ದಿನ ನಡೆದೇ ನಡೆಯುತ್ತದೆ. ಆ ದಿನಗಳಲ್ಲಿ ಸೊಪ್ಪನ್ನು ಎರಡು ಮೂರು ಕಡೆ ಕಟ್ಟಿ, ನೀರಿನ ತೊಟ್ಟಿಯನ್ನು ಮೂಲೆಯಿಂದ ಹೊರಕ್ಕೆ ತಂದಿಡಿ. ಮೂಲೆಗೆ ಸಿಕ್ಕಿಬಿದ್ದ ಹೊಸ ಮೇಕೆಗೆ ಓಡಲು ದಾರಿ ಇರುವುದಿಲ್ಲ.